ಬ್ಯಾನರಿಗಿಂತ ಮೊದಲು ಬೈಲಾ

ಮಾನ್ಯರೇ,

ನಮ್ಮ ಉಡುಪಿ, ಮಂಗಳೂರು ಕಡೆ ಬ್ರಹ್ಮಕಲಶೋತ್ಸವಕ್ಕೆ ಸಮಿತಿ ಮಾಡಿದರೆ ಹೊರೆಕಾಣಿಕೆಗೆ, ಊಟಕ್ಕೆ, ಪಾರ್ಕಿಂಗ್‌ಗೆ ಬೇರೆ ಬೇರೆ ಉಪಸಮಿತಿ ಇರುತ್ತದೆ. ಮುಗಿದ ಮೇಲೆ ಲೆಕ್ಕಪತ್ರ ಮಂಡನೆಯೂ ಆಗುತ್ತದೆ. ಅದೇ ಊರಿನ ಹೋರಾಟ ಸಮಿತಿಯಲ್ಲಿ ಮಾತ್ರ ಒಬ್ಬ ಸಂಚಾಲಕ, ಗೌರವಾಧ್ಯಕ್ಷರ ಉದ್ದದ ಪಟ್ಟಿ, ಒಂದು ವಾಟ್ಸಾಪ್ ಗುಂಪು, ಅಷ್ಟೇ.

ಇಂಥ ಸಮಿತಿ ಒಡೆಯುವುದು ಹೆಚ್ಚಾಗಿ ಸರಕಾರ ಮಾತುಕತೆಗೆ ಕರೆದ ದಿನ. ಯಾರು ಹೋಗಬೇಕು, ಎಲ್ಲಿಯವರೆಗೆ ಒಪ್ಪಬಹುದು ಎಂದು ಬರೆದಿಟ್ಟಿರುವುದಿಲ್ಲ. ಇಬ್ಬರು ಹೋಗಿ ಏನೋ ರಿಯಾಯಿತಿಗೆ ತಲೆಯಾಡಿಸಿ ಬರುತ್ತಾರೆ, ಉಳಿದವರು ಅದನ್ನು ದ್ರೋಹ ಎನ್ನುತ್ತಾರೆ. ಮೊದಲ ಧರಣಿಗೆ ಮುಂಚೆ ಒಂದು ಪುಟದ ಬೈಲಾ, ಅಂದರೆ ಸಮಿತಿಯ ನಿಯಮಾವಳಿ, ಬರೆದರೆ ಸಾಕು: ಪೂರ್ಣ ಬೇಡಿಕೆ ಏನು, ಯಾವುದಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ, ಮಾತುಕತೆಗೆ ಕನಿಷ್ಠ 3 ಮಂದಿ, ಅಲ್ಲೇ ಸಹಿ ಹಾಕುವಂತಿಲ್ಲ, ಪ್ರಸ್ತಾವ ಸಭೆಗೆ ಬಂದು ಮೂರನೇ ಎರಡು ಬಹುಮತದಿಂದ ತೀರ್ಮಾನ. ಚುನಾವಣೆಗೆ ನಿಲ್ಲುವವರು ನಾಮಪತ್ರಕ್ಕೆ ಮೊದಲೇ ಹುದ್ದೆ ಬಿಡಬೇಕೆಂದೂ ಸೇರಿಸಬೇಕು. ಆಮೇಲೆ ಅದನ್ನು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಇನ್ನು ಹಣ. ಸಂಚಾಲಕರ ಸ್ವಂತ ಫೋನ್‌ಪೇ ನಂಬರಿಗೆ ವಂತಿಗೆ ಬಂದರೆ ಅದು ಕಾಣುವುದು ಅವರ ಆದಾಯವಾಗಿಯೇ. 7 ಮಂದಿ ಸೇರಿದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಸಂಘ ನೋಂದಾಯಿಸಬಹುದು. ಸಮಿತಿಯ ಹೆಸರಲ್ಲಿ ಪಾನ್, ಕೋಶಾಧಿಕಾರಿ ಸೇರಿ ಇಬ್ಬರ ಸಹಿಯ ಖಾತೆ ಇಟ್ಟುಕೊಳ್ಳಬೇಕು. ಮಹಾಸಭೆಯಾಗಿ 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಲೆಕ್ಕಪರಿಶೋಧನಾ ವರದಿ ನೋಂದಣಾಧಿಕಾರಿಗೆ ಸಲ್ಲಬೇಕು. ಗಲ್ಫ್‌ನಲ್ಲಿರುವ ನಮ್ಮೂರವರು ಭಾರತೀಯ ಪೌರರಾಗಿದ್ದು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ವಿದೇಶಿ ಪಾಸ್‌ಪೋರ್ಟ್ ಪಡೆದ ಸಂಬಂಧಿ ಕೊಟ್ಟರೆ, ಊರು ಕಾಪುವೇ ಆಗಿರಲಿ, ಅದು ವಿದೇಶಿ ದೇಣಿಗೆ. ರಾಜಕೀಯ ಸ್ವರೂಪದ ಸಂಘಟನೆ ಅದನ್ನು ಮುಟ್ಟುವಂತಿಲ್ಲ.

ಯೋಜನೆ ಎಂದರೆ ಮುಂದಿನ ಪ್ರತಿಭಟನೆಯ ದಿನಾಂಕ ಎಂಬ ಅಭ್ಯಾಸ ನಮ್ಮದು. ಮೊದಲು ಕೇಳಬೇಕಾದದ್ದು, ಆದೇಶ ಹೊರಡಿಸುವ ಅಧಿಕಾರ ಯಾರಿಗಿದೆ ಎಂದು. ಸುರತ್ಕಲ್ ಟೋಲ್‌ಗೇಟ್ ವಿಚಾರದಲ್ಲಿ ಜಿಲ್ಲಾಧಿಕಾರಿಗೆ ಎಷ್ಟು ಮನವಿ ಕೊಟ್ಟರೂ ಮುಚ್ಚುವ ಅಧಿಕಾರವಿದ್ದದ್ದು ಕೇಂದ್ರ ಹೆದ್ದಾರಿ ಸಚಿವಾಲಯದ ಕೈಯಲ್ಲಿ. ಅಲ್ಲಿ ಧರಣಿಯ ಜೊತೆಗೆ, ಎರಡು ಟೋಲ್‌ಗಳ ನಡುವೆ 60 ಕಿ.ಮೀ. ಅಂತರ ಬೇಕೆನ್ನುವ 2008ರ ಹೆದ್ದಾರಿ ಶುಲ್ಕ ನಿಯಮ ಮತ್ತು ಪಕ್ಕದಲ್ಲೇ ಇರುವ ಹೆಜಮಾಡಿ ಟೋಲ್ ಎಂಬ ವಾದವೂ ಇತ್ತು. 2022ರ ಡಿಸೆಂಬರ್ 1ರಿಂದ ಅಲ್ಲಿ ವಸೂಲಿ ನಿಂತಿತು.

ಕಾಲಮಿತಿಯಲ್ಲಿ ಸೋಲುವವರೇ ಜಾಸ್ತಿ. ಪರಿಸರ ಅನುಮತಿಯ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಲು ಇರುವುದು 30 ದಿನ. ಸಮರ್ಪಕ ಕಾರಣ ತೋರಿಸಿದರೆ ಗರಿಷ್ಠ ಇನ್ನೂ 60 ದಿನ. ಅಷ್ಟರಲ್ಲಿ ನಾವು ಪಾದಯಾತ್ರೆಯ ಮಾರ್ಗದ ಬಗ್ಗೆ ಜಗಳಾಡುತ್ತಿರುತ್ತೇವೆ. ಸಾರ್ವಜನಿಕ ಅಹವಾಲು ಸಭೆಗೂ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಆ ಪ್ರಕಟಣೆಗಳನ್ನು ದಿನಾ ನೋಡಲು ಸಮಿತಿಯಲ್ಲಿ ಒಬ್ಬರನ್ನು ನೇಮಿಸಿದರೆ ದೊಡ್ಡ ಕೆಲಸ ಆದಂತೆ.

ವರ್ಷದ ಲೆಕ್ಕವನ್ನೂ ಹವಾಮಾನ ನೋಡಿಯೇ ಹಾಕಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಜೋರು ಮಳೆಗೆ ಉಡುಪಿಯ ಅಜ್ಜರಕಾಡಿನಲ್ಲಿ ಧರಣಿಗೆ ಜನ ನಿಲ್ಲುವುದಿಲ್ಲ. ಆ ತಿಂಗಳು ಮಾಹಿತಿ ಹಕ್ಕಿನ ಅರ್ಜಿಗೆ (10 ರೂ. ಶುಲ್ಕ, 30 ದಿನದಲ್ಲಿ ಉತ್ತರ), ಸರ್ವೆ ನಂಬರಿನ ದಾಖಲೆ ಒಟ್ಟು ಮಾಡಲು, ಮನೆ ಮನೆ ಸಭೆಗೆ ಸರಿ. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮಲ್ಪೆ, ಗಂಗೊಳ್ಳಿಯ ಬೋಟಿನವರೂ ಸಭೆಗೆ ಸಿಗುತ್ತಾರೆ. ಜಾತ್ರೆ, ಕೋಲ, ಮದುವೆಗಳ ಏಪ್ರಿಲ್, ಮೇ ತಿಂಗಳಲ್ಲಿ ದೊಡ್ಡ ಸಮಾವೇಶ ಇಟ್ಟುಕೊಂಡು ಖಾಲಿ ಕುರ್ಚಿ ಎಣಿಸುವುದು ಬೇಡ.

– ಓದುಗರೊಬ್ಬರು, ಉಡುಪಿ