ಖಾತೆ ಪುಸ್ತಕದವರಿಗೆ, ಭಾನುವಾರದ ಮೇಷ್ಟ್ರಿಗೆ

ಕಳೆದ ಶನಿವಾರ ರಾತ್ರಿ ಮಂಡಿಪೇಟೆಯ ಬೀಜ-ಗೊಬ್ಬರದ ಅಂಗಡಿಯೊಂದರ ಜಾಲತಾಣವನ್ನು ಹಳೆಯ ಸರ್ವರ್‌ನಿಂದ ಹೊಸದಕ್ಕೆ ನಾನೊಬ್ಬನೇ ಕುಳಿತು ಸಾಗಿಸಿದೆ. ಬೆಳಿಗ್ಗೆ ಜಗಳೂರು ಕಡೆಯ ರೈತರೊಬ್ಬರ ಆರ್ಡರ್ ಎಂದಿನಂತೆ ಬಂತು. ರಾತ್ರಿ ಏನು ನಡೆಯಿತೆಂಬುದು ಅವರಿಗೆ ತಿಳಿಯುವ ಕಾರಣವೇ ಇರಲಿಲ್ಲ. ನನಗೆ ಮಾತ್ರ ಕಣ್ಣು ತುಂಬಿತು.

ಏಕೆಂದರೆ ಎರಡು ವರ್ಷಗಳ ಹಿಂದೆ ಇದೇ ತಾಣವನ್ನು ಹಾಳು ಮಾಡಿದವನು ನಾನು. ಜೂನ್ ತಿಂಗಳು, ಮೆಕ್ಕೆಜೋಳದ ಬಿತ್ತನೆಯ ಭರಾಟೆ. ಸರ್ವರ್ ತನ್ನಲ್ಲಿ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಕಡತಗಳು ಬೆಳೆದು ಡಿಸ್ಕ್ ತುಂಬಿ ತಾಣ ನಿಂತಿತ್ತು. ಹಳೆಯ ಲಾಗ್‌ಗಳನ್ನು ತೆಗೆದಿದ್ದರೆ ಹತ್ತು ನಿಮಿಷದ ಕೆಲಸ. ಪುಟದ ಬಣ್ಣ, ಬಟನ್ನು, ಚಿತ್ರಗಳಷ್ಟೇ ಗೊತ್ತಿದ್ದ ನಾನು ಗಾಬರಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಕಡತವನ್ನು ಅಳಿಸಿಬಿಟ್ಟೆ. ತಾಣದ ಮಾಹಿತಿಯನ್ನು ಕಾಪಿಡುವ ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್ ತನ್ನ ದತ್ತಾಂಶವನ್ನೆಲ್ಲ ಇಟ್ಟುಕೊಂಡಿದ್ದ ಕಡತ ಅದು. ಬ್ಯಾಕಪ್ ಇದ್ದದ್ದೂ ಅದೇ ಡಿಸ್ಕ್‌ನಲ್ಲಿ, ಅರ್ಧಕ್ಕೆ ನಿಂತ ಸ್ಥಿತಿಯಲ್ಲಿ.

ಅಂಗಡಿಯ ಯಜಮಾನರು ಬೈಯಲಿಲ್ಲ. ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಉದ್ದನೆಯ ಖಾತೆ ಪುಸ್ತಕ ತೆಗೆದು, ‘ಎಲ್ಲ ಬರೆದಿಟ್ಟಿದ್ದೇನೆ, ಕುಳಿತು ತುಂಬಿಸೋಣ’ ಎಂದರು. ಮೂರು ರಾತ್ರಿ ಅವರ ಮಗಳು ಓದಿದಳು, ನಾನು ಟೈಪು ಮಾಡಿದೆ. ನಡುವೆ ಚಹಾ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಆ ಮನೆಯವರ ಋಣವನ್ನು ಹೇಗೆ ತೀರಿಸುವುದೋ ತಿಳಿಯದು.

ನಂತರ ನನ್ನನ್ನು ಕೈ ಹಿಡಿದು ಕೂರಿಸಿಕೊಂಡವರು ವಿದ್ಯಾನಗರದಲ್ಲಿರುವ ನಿವೃತ್ತ ದೂರಸಂಪರ್ಕ ಎಂಜಿನಿಯರ್. ಹಳೆಯ ಕಂಪ್ಯೂಟರ್‌ಗೆ ಡೆಬಿಯನ್ ಎಂಬ ಉಚಿತ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಹಾಕಿಸಿ, ಪ್ರತಿ ಭಾನುವಾರ ಬರಹೇಳಿದರು. ಅವರು ಒಮ್ಮೆಯೂ ಕೀಲಿಮಣೆ ಮುಟ್ಟಲಿಲ್ಲ. ನಾನು ಸಿಕ್ಕಿಹಾಕಿಕೊಂಡಾಗಲೆಲ್ಲ ಒಂದೇ ಪ್ರಶ್ನೆ: ‘ಲಾಗ್ ಏನು ಹೇಳುತ್ತಿದೆ?’ ತೆರೆಯದ ಕಡತಕ್ಕೆಲ್ಲ 777 ಅನುಮತಿ, ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡುವ ಹಕ್ಕು, ಕೊಡುವುದು ನನ್ನ ರೂಢಿಯಾಗಿತ್ತು. ಒಡೆಯನಿಗೊಂದು, ಗುಂಪಿಗೊಂದು, ಉಳಿದವರಿಗೊಂದು ಅಂಕಿ; ಓದಲು 4, ಬರೆಯಲು 2, ಚಲಾಯಿಸಲು 1 ಎಂದು ಹಾಳೆಯ ಮೇಲೆ ಕೂಡಿಸಲು ಹಚ್ಚಿ, ಕಡತಕ್ಕೆ 644, ಫೋಲ್ಡರಿಗೆ 755 ಸಾಕು ಎಂಬುದನ್ನು ನನ್ನ ಬಾಯಿಂದಲೇ ಹೇಳಿಸಿದರು.

ಒಂದು ಭಾನುವಾರ ದತ್ತಾಂಶವನ್ನೆಲ್ಲ ನನ್ನಿಂದಲೇ ಅಳಿಸಿಸಿ, ‘ಈಗ ಮರಳಿ ತಾ’ ಎಂದರು. ಬ್ಯಾಕಪ್ ತೆರೆದರೆ ಸೊನ್ನೆ ಬೈಟು! ಡೇಟಾಬೇಸ್‌ನ ಪಾಸ್‌ವರ್ಡ್ ಬದಲಾದದ್ದು, ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನಾಗಿ ನಡೆಸುವ ಕ್ರಾನ್ ಓಡಿಸುತ್ತಿದ್ದ ಬ್ಯಾಕಪ್ ಸ್ಕ್ರಿಪ್ಟ್‌ಗೆ ತಿಳಿಯದೆ, ಮೂರು ವಾರ ಪ್ರತಿ ರಾತ್ರಿ ಖಾಲಿ ಕಡತ ಉಳಿಸಿತ್ತು. ಅಂದಿನಿಂದ ಪ್ರತಿ ತಿಂಗಳೂ ಬ್ಯಾಕಪ್‌ಅನ್ನು ಬೇರೆ ಯಂತ್ರದಲ್ಲಿ ಬಿಚ್ಚಿ ನೋಡುತ್ತೇನೆ. ಮೇಷ್ಟ್ರೇ, ಆ ದಿನಕ್ಕಾಗಿ ವಿಶೇಷ ನಮಸ್ಕಾರ.

ನಾನೆಂದೂ ಕಾಣದವರಿಗೂ ಋಣಿ. 1993ರಿಂದ ಡೆಬಿಯನ್ ಕಟ್ಟುತ್ತಾ ಬಂದ ಸ್ವಯಂಸೇವಕರು ಮತ್ತು ತಾಣದ ಸಂಪರ್ಕವನ್ನು ಸುರಕ್ಷಿತಗೊಳಿಸುವ ಪ್ರಮಾಣಪತ್ರವನ್ನು ಪುಕ್ಕಟೆಯಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನವರು ಇಲ್ಲದಿದ್ದರೆ, ನನ್ನಂಥವನಿಗೆ ಕಲಿಯುವ ಖರ್ಚೇ ನಿಲುಕುತ್ತಿರಲಿಲ್ಲ. ರಾತ್ರಿ ಎಷ್ಟು ಹೊತ್ತಾದರೂ ಊಟ ಬಿಸಿ ಮಾಡಿಕೊಟ್ಟ ಅಮ್ಮನಿಗೂ ನಮಸ್ಕಾರ.

ಕಲಿಯಬೇಕಾದ್ದು ಬಹಳ ಇದೆ. ಸುಗ್ಗಿಯ ಹೊತ್ತಿಗೆ ಹುಡುಕಾಟ ನಿಧಾನವಾಗುವುದೇಕೆ ಎಂದು ತಿಳಿಯಲು ದತ್ತಾಂಶವನ್ನು ಬೇಗ ಹುಡುಕಲು ನೆರವಾಗುವ ಇಂಡೆಕ್ಸ್‌ಗಳನ್ನು ಸರಿಯಾಗಿ ಅಭ್ಯಾಸ ಮಾಡಬೇಕು. ಎಲ್ಲಿಂದಲೋ ನಕಲು ಮಾಡದೆ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವಂತಾಗಬೇಕು. ಈ ಭಾನುವಾರದ ಪಾಠ, ಬೇಡದ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್‌ನದು.

ಯಜಮಾನರು ಈಗಲೂ ಪ್ರತಿ ಸಂಜೆ ಖಾತೆ ಪುಸ್ತಕ ಬರೆಯುತ್ತಾರೆ. ನಿಲ್ಲಿಸಬೇಡಿ ಎಂದು ನಾನೇ ಕೇಳಿಕೊಂಡಿದ್ದೇನೆ.