ಅಪ್ಪಾಜಿಗೆ, ನೀರು ಕಾಸೋ ಲೆಕ್ಕ

ಮೆಲ್ಬರ್ನ್, ಮೇ ತಿಂಗಳು

ತೀರ್ಥರೂಪ ಅಪ್ಪಾಜಿಯವರಿಗೆ ಶಿರಸಾಷ್ಟಾಂಗ ನಮಸ್ಕಾರಗಳು. ನಾವೆಲ್ಲ ಇಲ್ಲಿ ಆರಾಮ ಅದೀವಿ.

ಮೊನ್ನೆ ಫೋನಿನಾಗ ಬೈದ್ರಿ: "ರಾಯಚೂರಾಗ ಬ್ಯಾಸಗಿಗೆ ನಲ್ಲಿ ತಿರುವಿದ್ರ ಕೈ ಸುಡೋ ನೀರು ಬರ್ತಾವ, ನೀ ಅಲ್ಲಿ ಸ್ವಿಮ್ಮಿಂಗ್ ಪೂಲ್ ಕಾಸಲಿಕ್ಕ ರೊಕ್ಕ ಸುರಿತೀಯೇನು?" ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರದಾಗ ನೌಕರಿ ಮಾಡಿದವರು ನೀವು, ಯುನಿಟ್ ಲೆಕ್ಕ ಕೊಟ್ರ ಒಪ್ತೀರಿ ಅಂತ ಬರೀಲಿಕತ್ತೀನಿ.

ಪೂಲ್ ನಾ ಕಟ್ಟಿಸಿದ್ದಲ್ಲ, ಮನಿ ಜೋಡಿ ಬಂದದ್ದು. ಸುತ್ತ 1.2 ಮೀಟರ್ ಬೇಲಿ ಇರಬೇಕು ಅಂತ ಕಾನೂನೇ ಅದ, ಮೊಮ್ಮಗನ ಚಿಂತಿ ಬಿಡ್ರಿ. ಸುಮಾರು 40,000 ಲೀಟರ್ ಹಿಡಿತದ. 1,000 ಲೀಟರ್ ನೀರು 1 ಡಿಗ್ರಿ ಏರಬೇಕಂದ್ರ 1.16 ಯುನಿಟ್ ಶಾಖ ಬೇಕು. ಜೂನ್-ಜುಲೈ ಇಲ್ಲಿ ಚಳಿಗಾಲ, ನೀರು 12 ಡಿಗ್ರಿ ಆಸುಪಾಸು. 28ಕ್ಕ ತರಬೇಕಂದ್ರ 740 ಯುನಿಟ್! ಗಾಬರಿ ಆಗಬ್ಯಾಡ್ರಿ, ಕಾಯಿಲ್ ಹಾಕಿ ಕಾಸಿದ್ರ ಅಷ್ಟು. ಹೋದ ವರ್ಷ ಹಾಕಿಸಿದ ಹೀಟ್ ಪಂಪ್‌ಗೆ ಹೆಚ್ಚುಕಮ್ಮಿ ಅದರ ಕಾಲುಭಾಗ ಕರೆಂಟ್ ಸಾಕು. ಎಸಿಯೊಳಗಿನ ಕಂಪ್ರೆಸರೇ ಇದರಾಗೂ ಅದ, ಹೊರಗಿನ ಗಾಳಿಯ ಶಾಖ ಎಳದು ನೀರಿಗೆ ಕೊಡ್ತದ. ಗಾಳಿ ತಣ್ಣಗಾದಷ್ಟೂ ಅದರ ದಮ್ಮು ಕಮ್ಮಿ. ಅದಕ್ಕ ಮಧ್ಯಾಹ್ನ, ಸೋಲಾರ್ ಕರೆಂಟ್ ಬರೋ ಹೊತ್ತಿಗೆ ಟೈಮರ್ ಇಟ್ಟೀನಿ.

ಬಾಜೂ ಮನಿಯವರದು ಗ್ಯಾಸ್ ಹೀಟರ್. ಲಗೂ ಕಾಯ್ತದ, ಮೋಡ-ಚಳಿ ನೋಡೋದಿಲ್ಲ. ಯಾವಾಗರ ಒಮ್ಮೆ ಇಳಿಯೋರಿಗೆ ಛಲೋ, ದಿನಾ ಇಳಿಯೋರಿಗೆ ದುಬಾರಿ. ಇನ್ನು ಕೆಲವರು ಛಾವಣಿ ಮ್ಯಾಲ ಕರಿ ಕೊಳವಿ ಹಾಸಿ ಅದರಾಗ ಪೂಲ್ ನೀರು ಓಡಸ್ತಾರ. ನಮ್ಮಲ್ಲಿ ಸೋಲಾರ್ ದಕ್ಷಿಣಕ್ಕ ಮಾರಿ ಮಾಡ್ತಾರಲ್ಲ, ಇಲ್ಲಿ ಉತ್ತರಕ್ಕ. ಸೂರ್ಯ ಆ ಕಡೆ ನಡೀತಾನ. ಪಂಪಿನ ಕರೆಂಟ್ ಬಿಟ್ರ ಖರ್ಚಿಲ್ಲ, ಆದ್ರ ಜುಲೈ ಮೋಡದಾಗ ಅದರ ಆಟ ನಡಿಯೋದಿಲ್ಲ.

ಕಾದ ನೀರು ಹಂಗೇ ಉಳಿಸೋದೇ ದೊಡ್ಡ ಕೆಲಸ, ಅಪ್ಪಾಜಿ. ಬಯಲಾಗಿನ ಪೂಲ್ ಕಳಕೊಳ್ಳೋ ಶಾಖದಾಗ ಶೇ. 70ರಷ್ಟು ಆವಿಯಾಗೇ ಹೋಗ್ತದ. ಮನ್ಯಾಗ ಹರವಿ ನೀರು ತಣ್ಣಗಾಗೋದೂ ಇದೇ ಕಾರಣಕ್ಕ. ಹಂಗಾಗಿ ಗುಳ್ಳಿಗುಳ್ಳಿ ಪ್ಲಾಸ್ಟಿಕ್ ಹೊದಿಕಿ ತಂದು, ಪೂಲ್ ಆಕಾರಕ್ಕ ಕತ್ತರಿಸಿ, ಗುಳ್ಳಿ ಕೆಳಗ ಮಾಡಿ ನೀರಿನ ಮ್ಯಾಲ ಹಾಸೀನಿ. ಕಾಸೋ ಖರ್ಚಿನಾಗ ಅರ್ಧಕ್ಕ ಅರ್ಧ ಇದೊಂದೇ ಉಳಸ್ತದ, ಮಷಿನ್ ಮಾರೋರು ಮಾತ್ರ ಇದರ ಸುದ್ದಿ ಕಡೀಗೆ ಎತ್ತತಾರ. ಮುಂಜಾನೆ ರೋಲರ್ ತಿರುವಿ ಒಂದು ಮೂಲಿ ಎತ್ತಿದ್ರ ಗುಳ್ಳಿಗೆಲ್ಲ ಹನಿ ಹತ್ತಿರ್ತಾವ, ತೆರೆದಷ್ಟು ಜಾಗದಿಂದ ಆವಿ ಏಳ್ತದ. ಆ ಆವಿಯಾಗ ನನಗ ಕರೆಂಟ್ ಬಿಲ್ಲೇ ಕಾಣ್ತದ. "ನಿಂತು ಏನ್ ನೋಡ್ತೀರಿ, ಇಳೀರಿ ಇಲ್ಲಾ ಮುಚ್ಚರಿ" ಅಂತಾಳ ನಿಮ್ಮ ಸೊಸಿ.

ವರ್ಷವಿಡೀ ಕಾಸೋದು ಅವ್ವನ ಮಂಡಿ ಸಲುವಾಗಿ. ಡಾಕ್ಟರ್ ನೀರಾಗ ನಡೀರಿ ಅಂದಾರಲ್ಲ. ಈಜೋರಿಗೆ 28 ಸಾಕು, ನಿಧಾನಕ್ಕ ನಡಿಯೋರಿಗೆ ಅದು ಥಂಡಿ. ಮಂಡಿನೋವಿನವರಿಗೆ ವ್ಯಾಯಾಮ ಮಾಡಿಸೋ ಪೂಲ್‌ಗಳಾಗ 33-34 ಇಡ್ತಾರ. ಜುಲೈದಾಗ ಅಷ್ಟು ನನ್ನಿಂದ ಆಗೋದಿಲ್ಲ, 30ರ ತನಕ ತರಬಹುದು. ಡಾಕ್ಟರ್‌ಗೆ ಒಮ್ಮೆ ಕೇಳ್ರಿ. 30 ನಡಿತದ ಅಂದ್ರ ಜುಲೈಗೇ ಟಿಕೆಟ್ ತೆಗಸ್ತೀನಿ. ಇಲ್ಲಂದ್ರ ಡಿಸೆಂಬರ್‌ಗೆ ಬರ್ರಿ, ಆಗ ಇಲ್ಲಿ ಬ್ಯಾಸಗಿ.

ನಿಮ್ಮ ಮಗ