ದೋಸ್ತಗ ಒಂದು ಪತ್ರ: ಟ್ರೆಬಲ್ ಕ್ಲೆಫ್ ಕಲಿಯಾಕತ್ತೀನಿ ಲೇ

ಲೇ ದೋಸ್ತ,

ಪುಣೆದಾಗ ಮಳಿ ಹೆಂಗೈತಿ ಅಂತ ಕೇಳೂದಿಲ್ಲ, ನಿನ್ನ ಸ್ಟೇಟಸ್ಸಿನಾಗ ದಿನಾ ನೋಡತೀನಿ. ನೀ ನಗತಿ ಅಂತ ಗೊತ್ತಿದ್ದೂ ಎಲ್ಲಾರ ಮುಂದನ ಹೇಳತೀನಿ, ಹೆಂಗೂ ನಮ್ಮ ಈರಣ್ಣ ಹೇಳೇ ಹೇಳತಾನ: ನಾ ಹುಬ್ಬಳ್ಳಿ ಕೇಶ್ವಾಪುರದಾಗ ಕೀಬೋರ್ಡ್ ಕ್ಲಾಸಿಗೆ ಹೊಂಟೀನಿ. 47ರ ವಯಸ್ಸಿನಾಗ. ಬಾಜೂಕ ಕುಂಡ್ರೂದು ನಾಕನೇತ್ತೆ ಹುಡುಗಿ, "ಅಂಕಲ್, ಅದು ಬಿ ಅಲ್ಲ" ಅಂತ ನನಗ ತಿದ್ದತಾಳ. ಪೇಟಿ (ಹಾರ್ಮೋನಿಯಂ) ಮಾಸ್ತರ ಕೈಯಾಗ ಫುಟಪಟ್ಟಿ ಏಟು ತಿಂದ ಬೆರಳಿಗೆ ಇದೊಂದು ಬಾಕಿ ಇತ್ತು ನೋಡು.

ಇಲ್ಲಿ ಸ್ವರ ಬರಿಯೂದು ಐದು ಗೆರಿ ಮ್ಯಾಲೆ. ಎಡಕ್ಕ ಜಿಲೇಬಿ ಸುತ್ತಿದಂಥಾ ಒಂದು ಗುರ್ತು ಇರತೈತಲ್ಲ, ಅದನ ಟ್ರೆಬಲ್ ಕ್ಲೆಫ್, ಅದರ ಹೊಟ್ಟಿ ಸುತ್ತೂದು ಕೆಳಗಿಂದ ಎರಡನೇ ಗೆರಿಗೆ. ಆ ಗೆರಿ ಜಿ ಅನ್ನೂ ಸ್ವರದ್ದು. ಅದೊಂದು ಗಟ್ಟಿ ಹಿಡದ್ರ ಉಳದದ್ದೆಲ್ಲಾ ಅಲ್ಲಿಂದ ಎಣಸ್ಕೊಂತ ಹೋಗಬೋದು, ಅದಕ್ಕ ಜಿ ಕ್ಲೆಫ್ ಅಂತನೂ ಅಂತಾರ. ಗೆರಿಗಳು ಕೆಳಗಿಂದ ಇ, ಜಿ, ಬಿ, ಡಿ, ಎಫ್. ನೆನಪಿಡಾಕ ಇಂಗ್ಲಿಷಿನಾಗ ಯಾವನೋ ಒಳ್ಳೆ ಹುಡುಗನ ಮ್ಯಾಲೆ ಒಂದು ಸಾಲು ಹೇಳಿಕೊಡತಾರ, ನನ್ನ ತಲಿಗೆ ಹತ್ತಲಿಲ್ಲ, ನಾನ ಕಟ್ಟೀನಿ: "ಈರಣ್ಣ ಗಿರಮಿಟ್ ಬಿಟ್ಟು ಧಾರವಾಡ ಫೇಡೆ". ಈಗ ಇಡೀ ಕ್ಲಾಸು ಅದನ್ನ ಹೇಳತೈತಿ. ಈರಣ್ಣಗ ರಾಯಲ್ಟಿ ಇಲ್ಲ. ಸಂದಿನಾಗ ಎಫ್, ಎ, ಸಿ, ಇ. ಮಿಡಲ್ ಸಿ, ಅಂದ್ರ ನಡೂಕಿನ ಸಿ, ಮಾತ್ರ ಐದು ಗೆರಿಯೊಳಗ ಬರೂದ ಇಲ್ಲ, ಕೆಳಗ ಒಂದು ತುಂಡು ಗೆರಿ ಎಳದು ಕುಂಡ್ರಸ್ತಾರ.

ನಮ್ಮ ಹಿಂದೂಸ್ತಾನಿ ಸಂಗೀತದಾಗ ಸಾ ಅಂದ್ರ ಯಾರ ಗಂಟಲು ಎಲ್ಲಿ ಕೂಡತೈತೋ ಅಲ್ಲಿ. ಇಲ್ಲಿ ಹಂಗಲ್ಲ, ಸಿ ಅಂದ್ರ ಸಿ. ಸಿ ಅನ್ನೂದನ್ನ ಸಾ ಅಂತ ಗುಟ್ಟಾಗಿ ಓದ್ಕೊಂಡು ನಾ ಆರಾಮ ಇದ್ದೆ, ಅಷ್ಟರಾಗ ಮೇಡಂ ಜಿ ಮೇಜರಿನ ಹಾಡು ಕೊಟ್ರು. ಶುರೂಕ್ಕ ಎಫ್ ಗೆರಿ ಮ್ಯಾಲೆ ಒಂದು ಶಾರ್ಪ್ (ಅರ್ಧ ಸ್ವರ ಏರಸೂ ಗುರ್ತು) ಇರತೈತಿ, ಅಂದ್ರ ಮುಂದ ಬರೂ ಎಲ್ಲಾ ಎಫ್ ಶಾರ್ಪನ. ನಾ ಅದನ್ನ ಬಿಟ್ಟು ಜಿನ್ನ ಸಾ ಮಾಡ್ಕೊಂಡು ಬಾರಸಿದೆ, ನಿಷಾದ, ಅಂದ್ರ ಆ ಎಫ್, ಕೋಮಲ ಆಗಿ ಚಂದಂಗೆ ಖಮಾಜ್ ರಾಗ ಬಂತು. ನಾ ಖುಷ್. ಮೇಡಂ ಖುಷ್ ಇರಲಿಲ್ಲ.

ಮಗಳ ಕೀಬೋರ್ಡ್ ಧೂಳ ತಿನ್ನಾಕತ್ತಿತ್ತು, ಅದಕ್ಕ ಕಲಿಯಾಕ ಹೊಂಟೆ ಅಂತ ಎಲ್ಲಾರಿಗೂ ಹೇಳೀನಿ. ಅದೂ ಸುಳ್ಳಲ್ಲ. ಆದ್ರ ದೋಸ್ತ, ಚಳಿಗಾಲದಾಗ ನಮ್ಮ ಮಿರಜ್ ತಂಬೂರಿ ತಗದು ಶ್ರುತಿ ಮಾಡಿದೆ, ಜವಾರಿನ, ಅಂದ್ರ ತಂತಿ ಝೇಂಕಾರನ, ಕೂಡವಲ್ದು. ತಂತಿ ಕುಂಡ್ರೂ ಕುದುರಿ ಮ್ಯಾಲಿನ ದಾರ ಹಿಂದ ಸರಿಸಿದೆ, ಮುಂದ ಸರಿಸಿದೆ, ತಂತಿ ಬದಲಿ ಮಾಡಿದೆ. ತಂಬೂರಿ ನೆಟ್ಟಗ ಇತ್ತು. ಆಮ್ಯಾಲೆ ಕಿವಿ ಟೆಸ್ಟ್ ಮಾಡಿಸಿದೆ. ಒಂದು ಗ್ರಾಫ್ ಕೊಟ್ರು, ಅದರಾಗೂ ಗೆರಿ ಮ್ಯಾಲೆ ಗೆರಿ, ಬಲಗಿವಿಗೆ ಕೆಂಪು ಸೊನ್ನಿ, ಎಡಗಿವಿಗೆ ನೀಲಿ ಕತ್ತರಿ ಗುರ್ತು. 2000 ಹರ್ಟ್ಸ್ ದಾಟಿದ ಮ್ಯಾಲೆ ನೀಲಿ ಸಾಲು ಕೆಳಗಿಳಕೊಂತ ಹೋಗಿತ್ತು, ಅಂದ್ರ ಎಡಗಿವಿಗೆ ಎತ್ತರದ ಸದ್ದು ಕಡಿಮಿ ಕೇಳಸತೈತಿ. ಡಾಕ್ಟರು ಬಾಯಿ ತಗಿಯೂದ್ರೊಳಗ ನಾ ಓದಿ ಮುಗಿಸಿದ್ದೆ.

ಮನಿಗೆ ಬಂದು ಲೆಕ್ಕ ಹಾಕಿದೆ. ಮಿಡಲ್ ಸಿ ಸುಮಾರು 262 ಹರ್ಟ್ಸ್, ಮ್ಯಾಲಿನ ಗೆರಿ ಎಫ್ ಸುಮಾರು 698 ಅಷ್ಟ. ಅಂದ್ರ ಆ ಐದು ಗೆರಿಯೊಳಗಿಂದು ಯಾವದೂ ನನ್ನ ಕೈ ಬಿಟ್ಟು ಹೋಗಿಲ್ಲ. ಹೊಂಟಿದ್ದು ಅದರ ಮ್ಯಾಲಿಂದು, ತಂಬೂರಿ ಝೇಂಕಾರ, ಮಾತಿನಾಗಿನ ಸ, ಶ. ಗದಗಿನ ಪುಣ್ಯಾಶ್ರಮದಾಗ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಹುಡುಗ್ರಿಗೆ ಕಿವಿಯಿಂದ ಸಂಗೀತ ತುಂಬಿಸಿದ್ರು, ನಾ ಉಲ್ಟಾ, ಕಿವಿ ಇನ್ನೂ ಇರೂದ್ರೊಳಗ ಕಣ್ಣಿಗೆ ಕಲಸಾಕ ಹೊಂಟೀನಿ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಕೀಬೋರ್ಡ್ ಆನ್ ಮಾಡದ ಹಾಳಿ ಹಿಡಕೊಂಡು ಕುಂಡ್ರತೀನಿ, ಬರೇ ನೋಡಿ ತಲಿಯೊಳಗ ಕೇಳಸತೈತೇನು ಅಂತ. ಅಂಜಿಕಿ ಬರತೈತಿ ಲೇ, ಸುಳ್ಳ ಯಾಕ ಹೇಳಲಿ. ನಾಕು ಸ್ವರ ಕೇಳಸತಾವ, ಐದನೇದಕ್ಕ ಪೇಟಿ ಮಾಸ್ತರ ಬೈಗುಳ ಕೇಳಸತೈತಿ, ಅದೂ ಪಕ್ಕಾ ಶ್ರುತಿಯೊಳಗ.

ಇಷ್ಟೆಲ್ಲಾ ಬರೀಬೇಕು ಅಂತ ಇರಲಿಲ್ಲ. ಮನ್ಯಾಕಿಗೂ ಹೇಳಿರಲಿಲ್ಲ, ಇನ್ನ ಹೇಳಿದಂಗನ ಆತು, ಆಕಿ ನನ್ನ ಪೋಸ್ಟ್ ಎಲ್ಲಾರಕಿಂತ ಮೊದಲ ಓದತಾಳ. ನೀ ಗಾಬರಿ ಆಗಿ ಬಸ್ ಹತ್ತಬ್ಯಾಡ, ಗಣಪತಿ ಹಬ್ಬಕ್ಕ ಬಾ ಸಾಕು, ತಬಲಾ ತಗೊಂಡು ನನ್ನ ಬಲಕ್ಕ ಕುಂಡ್ರು. ಉಳದ ಮಂದಿ ಯಾರೂ ಮನಿಮದ್ದು ಹೇಳಾಕ ಹೋಗಬ್ಯಾಡ್ರಿ, ಬೆಳ್ಳುಳ್ಳಿ ಎಣ್ಣಿ ಆಗೇತಿ, ದಿಂಬು ಇನ್ನೂ ಘಮಾಡಸತೈತಿ.

ನಿನ್ನ,
ಬಿ ಅಲ್ಲದ ಅಂಕಲ್